ದೊಡ್ಡಸ್ವಾಮಿಯವರ ಬೋಧೆ

ಶ್ರೀರಂಗಪಟ್ಟಣದಲ್ಲಿ ಕೋಟೆ, ಗುಂಬಜು, ದರಿಯಾ ದೌಲತ್ತು ನೋಡಿ ಹಿಂದಿರುಗುವವರಲ್ಲಿ ನಾನೂ ಒಬ್ಬನಾಗಿದ್ದೆ. ಅಬ್ಬೆ ದುಬಾಯ್ ಅವರ ಪತ್ರಗಳನ್ನು ಓದಿದ ಮೇಲೆ ಆ ಊರು ನನಗೆ ಬೇರೆಯಾಗಿ ಕಂಡಿತು.

1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಇಲ್ಲಿಗೆ ತರಿಸಿದ. ಅವರ ಪಾದ್ರಿಗಳನ್ನು ಗಡೀಪಾರು ಮಾಡಿದ್ದಾಗಿತ್ತು. ದಾರಿಯಲ್ಲಿ ಸತ್ತವರು ಬಹಳ. ಉಳಿದವರಲ್ಲಿ ಅನೇಕರಿಗೆ ಬಲವಂತದ ಮತಾಂತರ. 1799ರಲ್ಲಿ ಕೋಟೆ ಬಿದ್ದ ಮೇಲೆ ಬಂದ ಈ ಫ್ರೆಂಚ್ ಪಾದ್ರಿಯ ಮುಂದೆ ನಿಂತದ್ದು ಇಂಥ ಜನ. ಜೀವಭಯಕ್ಕೆ ಮತ ಬಿಟ್ಟವರಿಗೆ ಏನೆಂದು ಬೋಧಿಸುವುದು? ಅವರು ಆ ಜನರನ್ನು ಮರಳಿ ಸಭೆಗೆ ಸೇರಿಸಿಕೊಂಡರು. ಆದರೆ 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಲ್ಲಿ, ಅಷ್ಟು ಸಾವಿರ ಮಂದಿಯಲ್ಲಿ ಒಬ್ಬನಾದರೂ ಧರ್ಮಕ್ಕಾಗಿ ಪ್ರಾಣ ಕೊಡಲಿಲ್ಲವಲ್ಲ ಎಂದು ನಾಚಿಕೆಪಟ್ಟು ಬರೆದಿದ್ದಾರೆ. ಆ ಸೆರೆ ಅನುಭವಿಸದವರು ಹೀಗೆ ಬರೆಯುವುದು ಸುಲಭವೇ ಸರಿ. ನನಗಂತೂ ಆ ಸಾಲುಗಳು ಹಿಡಿಸಲಿಲ್ಲ.

ಅವರ ಕೈಕೆಲಸ ಮಾತ್ರ ಬೇರೆಯೇ ಮಾತನಾಡುತ್ತದೆ. ಕಾವಿ ಉಟ್ಟು, ಮಾಂಸ ಬಿಟ್ಟು, ಜನರಿಂದ ದೊಡ್ಡಸ್ವಾಮಿಯವರೆನಿಸಿಕೊಂಡು ಊರೂರು ತಿರುಗಿದರು. ಸಿಡುಬಿಗೆ ಅಂಜಿ ಓಡುತ್ತಿದ್ದವರನ್ನು ಒಲಿಸಿ, 1803–04ರಲ್ಲಿ 25,000ಕ್ಕೂ ಮಿಕ್ಕಿ ಜನರಿಗೆ ದೇವಿ ಹಾಕಿಸಿದರು. ನೆಲೆ ತಪ್ಪಿದ ಬಡ ಕ್ರೈಸ್ತರಿಗೆ ಹಾಸನದ ಹತ್ತಿರ ಸಾತಹಳ್ಳಿಯಲ್ಲಿ ಬೇಸಾಯದ ನೆಲೆ ಕಟ್ಟಿಕೊಟ್ಟರು. 1823ರಲ್ಲಿ ಮತಪ್ರಚಾರದ ಆಸೆಯನ್ನೇ ತೊರೆದು ಫ್ರಾನ್ಸಿಗೆ ಮರಳಿದರು. ಸಾತಹಳ್ಳಿ ಉಳಿಯಿತು.