ಅಂಗಳಕ್ಕೆ ಹಾಸಿದ ಕಲ್ಲು

ನಿವೃತ್ತನಾಗಿ ಶಿರಾಲಿಯ ಹಳೆಯ ಮನೆಗೆ ಮರಳಿದ ಮೇಲೆ, ಅಂಗಳಕ್ಕೆ ಕಲ್ಲು ಹಾಸಿಸಬೇಕೆಂಬ ವಿಚಾರ ನನ್ನ ತಲೆಯನ್ನು ಹೊಕ್ಕಿತು. ಇದೂ ಆಕಾಶವಾಣಿಯಲ್ಲಿ ಹೇಳುವ ವಿಷಯವೇ ಎಂದು ಕೇಳುಗರು ಹುಬ್ಬೇರಿಸಿಯಾರು. ಆದರೆ ಅರಸರ ದಂಡಯಾತ್ರೆಗಳಿಗೆ ಇರುವಂತೆ ಅಂಗಳಗಳಿಗೂ ಒಂದು ಚರಿತ್ರೆಯಿದೆ. ಅದನ್ನು ಬರೆದವರು ಕಡಿಮೆ, ತುಳಿದವರು ಬಹಳ.

1960ರ ದಶಕದಲ್ಲಿ, ನಾನು ಬಾಲಕನಾಗಿದ್ದಾಗ, ನಮ್ಮದು ಮಣ್ಣಿನ ಅಂಗಳ. ಮಳೆಗಾಲದಲ್ಲಿ ಅದರ ಮೇಲೆ ತೆಂಗಿನ ಮಡ್ಲು, ಅಡಿಕೆಯ ಸೋಗೆ ಹರಡುತ್ತಿದ್ದರು. ಬಾಗಿಲಿನಿಂದ ದಣಪೆಯವರೆಗೆ ಅಡಿಕೆ ಮರದ ದಬ್ಬೆಗಳನ್ನು ಸಾಲಾಗಿ ಇಟ್ಟು ದಾರಿ ಮಾಡುತ್ತಿದ್ದರು. ಆ ದಬ್ಬೆಗಳ ಮೇಲೆ ಜಾರಿ ಬೀಳದೆ ಶಾಲೆ ಮುಟ್ಟಿದ ದಿನ ನಮಗೆ ಗೆಲುವಿನ ದಿನ. ಮಳೆ ಹಿಂದೆಗೆದು ತುಳಸಿಯ ಮದುವೆ ಹತ್ತಿರವಾದಾಗ ಕೊಳೆತದ್ದನ್ನು ಕೆರೆದು ತೆಗೆದು, ಹೊಸ ಕೆಮ್ಮಣ್ಣು ಹರಡಿ, ನೀರು ಚಿಮುಕಿಸಿ, ಮರದ ಹಲಗೆಯಿಂದ ಬಡಿದು ಬಡಿದು ನೆಲವನ್ನು ಬಿಗಿಮಾಡುತ್ತಿದ್ದರು. ಕೊನೆಗೆ ಇದ್ದಿಲು ಅರೆದು ಬೆರೆಸಿದ ಸಗಣಿಯ ಸಾರಣೆ. ಈ ಕೆಲಸದ ಯಜಮಾನಿಕೆ ಹೆಂಗಸರದು. ಅಂಗಳ ಎಷ್ಟು ಓರೆಯಾಗಿರಬೇಕು, ನೀರು ಯಾವ ಮೂಲೆಯಿಂದ ಹೊರಗೆ ಹೋಗಬೇಕು ಎಂಬುದನ್ನು ಅವರು ಕಣ್ಣಳತೆಯಲ್ಲೇ ತೀರ್ಮಾನಿಸುತ್ತಿದ್ದರು.

ಕಲ್ಲಿನ ಅಂಗಳಗಳೂ ಇಲ್ಲದಿರಲಿಲ್ಲ. ಮಠ, ದೇವಸ್ಥಾನ, ಅನುಕೂಲಸ್ಥರ ಮನೆ ಎಂದರೆ ಚಿರೆಕಲ್ಲಿನ ಹಾಸು. ಈ ಕಲ್ಲು ನೆಲದೊಳಗಿರುವಾಗ ಕೊಡಲಿಯಂಥ ಹತಾರಕ್ಕೂ ಮಣಿಯುತ್ತದೆ. ಗಾಳಿಬಿಸಿಲಿಗೆ ಬಂದ ಮೇಲೆ ಗಡುಸಾಗುತ್ತದೆ. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮಲಬಾರಿನ ಅಂಗಡಿಪುರದಲ್ಲಿ ಇದನ್ನು ಗಮನಿಸಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟ. 1801ರಲ್ಲಿ ಆತ ಭಟ್ಕಳದಿಂದ ಹೊನ್ನಾವರದತ್ತ ಇದೇ ಕರಾವಳಿಯಲ್ಲಿ ಸಾಗಿದ; 1807ರಲ್ಲಿ ಅವನ ಪ್ರವಾಸಗ್ರಂಥ ಲಂಡನ್ನಿನಲ್ಲಿ ಅಚ್ಚಾಯಿತು. ಇಟ್ಟಿಗೆಯೆಂಬ ಈ ಉಪಮೆಗೆ ಲ್ಯಾಟಿನ್ನೇ ಬೇಕಿರಲಿಲ್ಲ. ಇದೇ ಕಲ್ಲನ್ನು ಜಂಬಿಟ್ಟಿಗೆ ಎಂದು ಕರೆಯುವ ಕನ್ನಡಿಗರು ಇಂದಿಗೂ ಇದ್ದಾರೆ.

ಚಿರೆಕಲ್ಲಿನ ಮೈತುಂಬ ರಂಧ್ರಗಳು. ಬಿದ್ದ ನೀರಿನಲ್ಲಿ ಒಂದು ಪಾಲನ್ನು ಅದು ಕುಡಿದು ನೆಲಕ್ಕೆ ದಾಟಿಸುತ್ತದೆ. ಭಟ್ಕಳಕ್ಕೆ ಹೋದವರು ಹದಿನಾರನೆಯ ಶತಮಾನದ ಕೇತಪೈ ನಾರಾಯಣ ದೇವಾಲಯವನ್ನು ನೋಡಿರಬಹುದು. ಮರದ ಮನೆಯ ಮಾಡಿನಂತೆಯೇ ಇಳಿಜಾರಾಗಿ ಹೊದಿಸಿದ ಕಲ್ಲಿನ ಚಪ್ಪಡಿಗಳು ಅಲ್ಲಿವೆ. ಈ ಸೀಮೆಯಲ್ಲಿ ಕಟ್ಟುವವನು ಮೊದಲು ಮಳೆಯ ಜೊತೆ ಮಾತಾಡಿಕೊಳ್ಳಬೇಕೆಂಬುದು ಆ ಶಿಲ್ಪಿಗಳಿಗೆ ತಿಳಿದಿತ್ತು.

ಕಟ್ಟುವವನ ಮಾತು ಬಂದದ್ದರಿಂದ ಎರಡು ಶಬ್ದಗಳ ವಿಚಾರ. ‘ಮೇಸ್ತ್ರಿ’ ನಮಗೆ ಪೋರ್ಚುಗೀಜರಿಂದ ಬಂದದ್ದು; ಅವರ ಭಾಷೆಯ ‘ಮೆಸ್ತ್ರೆ’ ಎಂದರೆ ಗುರು, ಕಸುಬುದಾರ. 1542ರಲ್ಲಿ ಭಟ್ಕಳವನ್ನು ಸುಟ್ಟು ಸೂರೆಮಾಡಿದವರ ಭಾಷೆ ನಮ್ಮ ಗೋಡೆ ಕಟ್ಟುವವನಿಗೆ ಹೆಸರು ಕೊಟ್ಟಿತು! ‘ಗುತ್ತಿಗೆ’ಯಾದರೋ ನಮ್ಮದೇ ಹಳೆಯ ಮಾತು, ಶಾಸನಗಳಲ್ಲಿ ‘ಗುತ್ತಗೆ’ಯೆಂದರೆ ಗೊತ್ತಾದ ಮೊತ್ತಕ್ಕೆ ಭೂಮಿಯನ್ನು ವಹಿಸಿಕೊಳ್ಳುವುದು. ಮೇಸ್ತ್ರಿ ಕೈಕೆಲಸದವನು, ಗುತ್ತಿಗೆದಾರ ಮೊತ್ತದವನು. ಈ ಭೇದವನ್ನು ನಿಘಂಟಿನಲ್ಲಿ ಬಲ್ಲೆನೇ ಹೊರತು ಅಂಗಳದಲ್ಲಿ ಮರೆತೆ.

ಈಗ ಎಲ್ಲರೂ ಹಾಸಿಸುವುದು ‘ಇಂಟರ್‌ಲಾಕ್’. ಎರಡನೆಯ ಮಹಾಯುದ್ಧದ ನಂತರ ಇಟ್ಟಿಗೆಗೆ ಬರ ಬಂದಾಗ ನೆದರ್ಲೆಂಡ್ಸಿನವರು ಬೀದಿಗಳಿಗೆ ಕಾಂಕ್ರೀಟಿನ ಬಿಲ್ಲೆಗಳನ್ನು ಹಾಸತೊಡಗಿದರು. ಅಲ್ಲಿಂದ ಅದು ಲೋಕವನ್ನು ಸುತ್ತಿತು. ನಮ್ಮಲ್ಲಿ 2006ರಲ್ಲಿ ಭಾರತೀಯ ಮಾನಕ ಸಂಸ್ಥೆ ಈ ಬಿಲ್ಲೆಗಳ ದಪ್ಪಕ್ಕೂ ಗಟ್ಟಿತನಕ್ಕೂ ನಿಯಮ ಬರೆಯಿತು. ವಾಹನ ಓಡದ ಕಡೆ 50 ಮಿಲಿಮೀಟರು ದಪ್ಪ ಸಾಕು. ಹಗುರ ವಾಹನಗಳಿಗೆ 60. ಆದರೆ ಬಿಲ್ಲೆಯ ಬಾಳಿಕೆ ಇರುವುದು ಅದರ ಕೆಳಗೆ. ನೆಲ ಅಗೆದು, ಬಿಗಿಮಾಡಿ, ಜಲ್ಲಿ ಹಾಕಿ ಅದುಮಿ, ಮೇಲೆ ಅಂಗುಲದಷ್ಟು ಮರಳು ಹರಡಿ ಹಾಸಬೇಕು. ಅಂಚಿಗೆ ಕಟ್ಟು ಕೊಡಬೇಕು. ಐವತ್ತು ಅಡಿಗೆ ಒಂದಡಿಯಂತೆ ಇಳಿಜಾರು ಬಿಡಬೇಕು. ಇಷ್ಟೆಲ್ಲ ನಾನು ಓದಿ ತಿಳಿದದ್ದು ಕೆಲಸ ಕೆಟ್ಟ ಮೇಲೆ.

ನನ್ನ ಗುತ್ತಿಗೆದಾರ ಮೂರು ಪ್ರಶ್ನೆ ಕೇಳಿದ. ಎಷ್ಟು ಚದರಡಿ, ಯಾವ ಬಣ್ಣ, ಮುಂಗಡ ಎಷ್ಟು. ನಾನು ಮೂರಕ್ಕೂ ಉತ್ತರ ಕೊಟ್ಟೆ. ತಿರುಗಿ ಒಂದನ್ನೂ ಕೇಳಲಿಲ್ಲ. ಮೇ ತಿಂಗಳ ನಾಲ್ಕೇ ದಿನಗಳಲ್ಲಿ ಹಳೆಯ ಅಂಗಳದ ಮೇಲೆಯೇ ಮಣ್ಣು ಸುರಿದು, ಮರಳು ಎಳೆದು, ಬಿಲ್ಲೆ ಹೊಂದಿಸಿ ಅವನು ಹೊರಟುಹೋದ. ಅಂಗಳ ಅರ್ಧ ಅಡಿ ಮೇಲೆದ್ದಿತ್ತು. ನೋಡಲು ಚೆಲುವಾಗಿಯೇ ಇತ್ತು.

ಜೂನಿನ ಎರಡನೆಯ ವಾರ, ರಾತ್ರಿಯಿಡೀ ಮಳೆ ಹೊಯ್ದಿತು. ಬೆಳಗ್ಗೆ ನೋಡಿದರೆ ದಣಪೆಯ ಬಳಿ ಬಿಲ್ಲೆಗಳು ಕುಸಿದಿದ್ದವು. ಅದು ನನ್ನ ನಷ್ಟ. ಹೆಚ್ಚಿನದು ಪಕ್ಕದ ಮನೆಯಲ್ಲಿ ಆಗಿತ್ತು. ಒಬ್ಬರೇ ಇರುವ ಎಪ್ಪತ್ತೈದು ದಾಟಿದ ಅಕ್ಕ ಅವರು. ನನ್ನನ್ನು ಎತ್ತಿ ಆಡಿಸಿದವರು. ನನ್ನ ಅಂಗಳದ ನೀರೆಲ್ಲ ಅವರ ಹಿತ್ತಿಲಿಗೆ ನುಗ್ಗಿ, ಬಚ್ಚಲ ಕೊಟ್ಟಿಗೆಯ ಮಣ್ಣಿನ ಗೋಡೆ ನೆನೆದು ಮಲಗಿತ್ತು. ಒಟ್ಟಿದ್ದ ಕಟ್ಟಿಗೆ ಅದರಡಿ ಸಿಕ್ಕಿತ್ತು. ಅವರು ಬೈಯಲಿಲ್ಲ. “ಅಂಗಳ ಚಂದ ಆಯ್ತು ತಮಾ” ಎಂದರು, ಅಷ್ಟೆ. ಬೈದಿದ್ದರೆ ನಾನು ಉತ್ತರ ಹುಡುಕುತ್ತಿದ್ದೆ.

ಮೂವತ್ತು ವರ್ಷ ನಾನು ತರಗತಿಗಳಲ್ಲಿ ದಾನಶಾಸನಗಳ ಪಾಠ ಹೇಳಿದವನು. ಭೂಮಿ ಕೊಡುವಾಗ ಅರಸರು ನಾಲ್ಕೂ ದಿಕ್ಕಿನ ಸೀಮೆಯನ್ನು ಹೇಳಿ, ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಅಷ್ಟಭೋಗಗಳನ್ನು ಎಣಿಸುತ್ತಿದ್ದರು. ಇವನ್ನು ಬಾಯಿಪಾಠ ಒಪ್ಪಿಸದ ವಿದ್ಯಾರ್ಥಿಯ ಅಂಕ ಕಳೆದಿದ್ದೇನೆ. ಪಾಷಾಣ ತರಿಸುವಾಗ ಅದರ ಹಿಂದೆಯೇ ನಿಂತ ಜಲ ನನಗೆ ನೆನಪಾಗಲಿಲ್ಲ.

ಗುತ್ತಿಗೆದಾರ ಫೋನು ಎತ್ತಲಿಲ್ಲ. ಅಕ್ಕನ ಗೋಡೆಯನ್ನು ಆ ವಾರವೇ ಚಿರೆಕಲ್ಲಿನಲ್ಲಿ ಕಟ್ಟಿಸಿದೆ. ಕಟ್ಟಲು ಬಂದವರು ನಮ್ಮ ತಂದೆಯ ಕಾಲದ ಮೇಸ್ತ್ರಿಯ ಮಗ, ಈಗ ಅವರೂ ಮುದುಕರು. ನನ್ನ ಅಂಗಳದಲ್ಲಿ ನಿಂತು ಬಣ್ಣ ನೋಡಲಿಲ್ಲ, ಬಿಲ್ಲೆ ಎಣಿಸಲಿಲ್ಲ. “ಮಾಸ್ತರೇ, ಇಲ್ಲಿಯ ನೀರು ಎಲ್ಲಿಗೆ ಹೋಗ್ತದೆ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಬೇಲಿಯಾಚೆಯಿಂದ ಅಕ್ಕ ಹೇಳಿದರು: ಬಡಗಣ ಮೂಲೆಯಲ್ಲಿ, ಹಲಸಿನ ಮರದ ಬುಡದಲ್ಲಿ ಒಂದು ಕಾಲುವೆಯಿತ್ತು, ನನ್ನ ತಾಯಿ ವರ್ಷವರ್ಷವೂ ಅದರ ಹೂಳು ತೆಗೆಸುತ್ತಿದ್ದರು.

ಮಳೆ ಮುಗಿದು ನವೆಂಬರಿನಲ್ಲಿ ಬಿಲ್ಲೆಗಳನ್ನೆಲ್ಲ ಕಿತ್ತೆವು. ಗುತ್ತಿಗೆದಾರನ ಆಳುಗಳು ಒಡೆದ ಬಿಲ್ಲೆಗಳಿಂದ ಮುಚ್ಚಿದ್ದ ಕಾಲುವೆ ಅಗೆದಾಗ ಸಿಕ್ಕಿತು. ತಳಕ್ಕೆ ಚಿರೆಕಲ್ಲು ಹಾಸಿತ್ತು. ಈ ಸಲ ಕೆಲಸ ಶುರುವಾಗುವ ಮುನ್ನ ನಾನೊಂದು ಕರಾರು ಬರೆದೆ. ಮೊದಲ ಸಾಲಿನಲ್ಲಿ ನೀರು ಹೋಗುವ ದಾರಿ, ಎರಡನೆಯದರಲ್ಲಿ ಇಳಿಜಾರು, ಮೂರನೆಯದರಲ್ಲಿ ಜಲ್ಲಿಯ ದಪ್ಪ. ಹಣದ ಮಾತು ಕೊನೆಗೆ. ಮೇಸ್ತ್ರಿ ನಕ್ಕು ಸಹಿ ಹಾಕಿದರು. ಸಾಕ್ಷಿ ಬೇಕಲ್ಲ ಎಂದು ಅಕ್ಕನನ್ನು ಕರೆದೆ. ಅವರು ಕಾಗದವನ್ನು ಓದಿಸಿ ಕೇಳಿ, “ಹಲಸಿನ ಮರದ ಹೆಸರು ಬರಿಲಿಲ್ವಲ್ಲ ತಮಾ” ಎಂದರು. ಅದನ್ನು ಸೇರಿಸಿ ಬರೆದ ಮೇಲೆ ಹೆಬ್ಬೆಟ್ಟು ಒತ್ತಿದರು.