ಅಂಟಾರ್ಕ್ಟಿಕಾದಲ್ಲಿ ಪೆಂಗ್ವಿನ್ ಎಣಿಸುವ ಕೆಲಸ: ಎಷ್ಟು ನಿಜ, ಎಷ್ಟು ಸುಳ್ಳು?

ಅಂಟಾರ್ಕ್ಟಿಕಾದಲ್ಲಿ ಪೆಂಗ್ವಿನ್ ಎಣಿಸುವ ಕೆಲಸ ಖಾಲಿ ಇದೆ ಎನ್ನುವ ಸುದ್ದಿ ಫೋನಿನಿಂದ ಫೋನಿಗೆ ಆಗಾಗ ಹಾರುತ್ತಿರುತ್ತದೆ. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅಂಥ ಕೆಲಸ ಇದೆ. ಆದರೆ ಪೆಂಗ್ವಿನ್ ಎಣಿಕೆ ಅದರಲ್ಲೊಂದು ಚೂರು ಮಾತ್ರ. ಮುಖ್ಯ ಕೆಲಸವೆಂದರೆ ಒಂದು ಹಳೆಯ ಮರದ ಮನೆಯನ್ನೂ ಅದರೊಳಗಿನ ಸಾಮಾನನ್ನೂ ಕಾಪಾಡುವುದು.

ಜಾಗದ ಹೆಸರು ಪೋರ್ಟ್ ಲಾಕ್‌ರಾಯ್. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, 1944ರಲ್ಲಿ, ಬ್ರಿಟನ್ ಗುಟ್ಟಾಗಿ ಕಟ್ಟಿದ ನೆಲೆ ಇದು. 1962ರಲ್ಲಿ ಮುಚ್ಚಿತು, ಹಾಳುಬಿತ್ತು. 1996ರಲ್ಲಿ ದುರಸ್ತಿಯಾಗಿ ಈಗ ವಸ್ತುಸಂಗ್ರಹಾಲಯ ಮತ್ತು ಅಂಚೆ ಕಚೇರಿಯಾಗಿದೆ. ನಡೆಸುತ್ತಿರುವುದು ಯುಕೆ ಅಂಟಾರ್ಕ್ಟಿಕ್ ಹೆರಿಟೇಜ್ ಟ್ರಸ್ಟ್. ಪ್ರತಿ ವರ್ಷ ನವೆಂಬರ್‌ನಿಂದ ಮಾರ್ಚ್‌ವರೆಗೆ, ಅಂದರೆ ಅಲ್ಲಿನ ಬೇಸಿಗೆಯಲ್ಲಿ, ಬೆರಳೆಣಿಕೆಯಷ್ಟು ಜನರನ್ನು ಅಲ್ಲಿಗೆ ಕಳಿಸುತ್ತಾರೆ. ನಲ್ಲಿ ನೀರಿಲ್ಲ. ಸ್ನಾನ ಬೇಕೆಂದರೆ ಪ್ರವಾಸಿ ಹಡಗು ಬರುವವರೆಗೆ ಕಾಯಬೇಕು. 2022ರಲ್ಲಿ ಸಾವಿರಾರು ಅರ್ಜಿಗಳ ನಡುವೆ ನಾಲ್ವರು ಮಹಿಳೆಯರು ಆಯ್ಕೆಯಾದರು. ಅಂಚೆ ನೋಡಿಕೊಂಡಾಕೆಗೆ ಆಗ 23 ವರ್ಷ. ಫಾರ್ವರ್ಡ್ ಸಂದೇಶಗಳು ಬಿಟ್ಟುಬಿಡುವ ಮಾತೊಂದಿದೆ: ಅರ್ಜಿ ಹಾಕಲು ಬ್ರಿಟನ್‌ನಲ್ಲಿ ಕೆಲಸ ಮಾಡುವ ಹಕ್ಕು ಇರಬೇಕು. ನೋಂದಣಿ ಶುಲ್ಕ ಕಟ್ಟಿ ಎನ್ನುವ ಸಂದೇಶ ಬಂದರೆ ಅಲ್ಲೇ ಅಳಿಸಿಬಿಡಿ.

ಈ ನೆಲೆಯನ್ನು ಸ್ಥಾಪಿಸಿದ ತಂಡದ ನಾಯಕ ಜೇಮ್ಸ್ ಮಾರ್. ಈತ ಧ್ರುವ ಪ್ರದೇಶಕ್ಕೆ ಮೊದಲು ಹೊರಟದ್ದು ಸ್ಕೌಟ್ ಹುಡುಗನಾಗಿ. 1921ರಲ್ಲಿ ಅರ್ನೆಸ್ಟ್ ಶಾಕಲ್ಟನ್ ತನ್ನ ಕೊನೆಯ ಯಾನಕ್ಕೆ ಸ್ಕೌಟ್‌ಗಳನ್ನು ಕರೆದುಕೊಳ್ಳುವುದಾಗಿ ಪತ್ರಿಕೆಯ ಮೂಲಕ ತಿಳಿಸಿದಾಗ ಸುಮಾರು 1,700 ಹುಡುಗರು ಮುಂದೆ ಬಂದರು. ಆಯ್ಕೆಯಾದವರು ಇಬ್ಬರು, ಅದರಲ್ಲಿ 18ರ ಮಾರ್ ಒಬ್ಬ. ಇನ್ನು, ಅಪಾಯದ ಪ್ರಯಾಣಕ್ಕೆ ಗಂಡಸರು ಬೇಕು, ಸಂಬಳ ಕಡಿಮೆ, ಚಳಿ ಭಾರೀ ಎಂದು ಶಾಕಲ್ಟನ್ ಕೊಟ್ಟನೆನ್ನುವ ಪ್ರಸಿದ್ಧ ಜಾಹೀರಾತನ್ನು ನೀವೂ ನೋಡಿರಬಹುದು. ‘ಸ್ಫೂರ್ತಿ’ಯ ಪೋಸ್ಟ್‌ಗಳಿಗೆ ಅದು ಬಲು ಇಷ್ಟ. ಹಳೆಯ ಪತ್ರಿಕೆಗಳನ್ನು ಜಾಲಾಡಿದವರಿಗೆ ಅದು ಎಲ್ಲೂ ಸಿಕ್ಕಿಲ್ಲ. ಹುಡುಕಿಕೊಟ್ಟವರಿಗೆ ಬಹುಮಾನ ಘೋಷಿಸಿದರೂ ಸಿಕ್ಕಲಿಲ್ಲ. ನಮಗೆ ಕೇಳಿದರೆ, ಸ್ಕೌಟ್ ಹುಡುಗರ ನಿಜವಾದ ಕಥೆಯೇ ಅದಕ್ಕಿಂತ ಚೆನ್ನಾಗಿದೆ.

ಹಿಮದಲ್ಲಿ ಏನೂ ಕೆಡುವುದಿಲ್ಲ ಅಲ್ಲವೇ?

ಅಂಟಾರ್ಕ್ಟಿಕಾ ಒಂದು ದೊಡ್ಡ ಫ್ರಿಜ್, ಅಲ್ಲಿಟ್ಟದ್ದು ನೂರು ವರ್ಷವಾದರೂ ಹಾಗೇ ಇರುತ್ತದೆ ಎಂಬ ನಂಬಿಕೆ ವ್ಯಾಪಕ. ಅದಕ್ಕೆ ಕಾರಣವೂ ಇದೆ. ಕೇಪ್ ಅಡೇರ್ ಎಂಬಲ್ಲಿ 2017ರಲ್ಲಿ ಸುಮಾರು ನೂರು ವರ್ಷ ಹಳೆಯ ಫ್ರೂಟ್‌ಕೇಕ್ ಸಿಕ್ಕಿತು. ನೋಡಲು ಇನ್ನೇನು ತಿನ್ನಬಹುದು ಎನ್ನುವಂತಿತ್ತು. ಆದರೆ ಆ ಕೇಕಿದ್ದ ತಗಡಿನ ಡಬ್ಬಿ ಮಾತ್ರ ತುಕ್ಕು ತಿಂದು ಹೋಗಿತ್ತು! ಫಾರ್ವರ್ಡ್‌ಗಳಲ್ಲಿ ಕೇಕ್ ಉಳಿಯುತ್ತದೆ, ಡಬ್ಬಿ ಬಿಟ್ಟುಹೋಗುತ್ತದೆ.

ಚಳಿ ಕೊಳೆಯುವುದನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಬೇಸಿಗೆಯಲ್ಲಿ ಮನೆಯೊಳಗೆ ನುಗ್ಗಿದ ಹಿಮ ಕರಗಿ ಒಳಗೆಲ್ಲ ತೇವ ತುಂಬುತ್ತದೆ. ಆ ತೇವಕ್ಕೆ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಜೀವಿಗಳು, ಚಿಗುರಿಕೊಳ್ಳುತ್ತವೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಮನೆಗಳ ಹಲಗೆಗಳಲ್ಲಿ ಮರವನ್ನು ಮೆತ್ತಗಾಗಿಸುವ ಶಿಲೀಂಧ್ರಗಳನ್ನು ಪತ್ತೆ ಮಾಡಿದ್ದಾರೆ. ಹೊರಗಿನಿಂದ ಸಮುದ್ರದ ಉಪ್ಪಿನ ಕಾಟ. ಉಪ್ಪು ಮರದ ಎಳೆಗಳ ನಡುವೆ ಹರಳುಗಟ್ಟಿ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಹಲಗೆಯ ಮೈಮೇಲೆ ನಾರು ಎದ್ದು ನಿಲ್ಲುತ್ತದೆ. ಮನೆಯ ಮೇಲೆ, ಅಡಿಯಲ್ಲಿ ಹಿಮದ ಭಾರ ಬೇರೆ.

ಹಾಗಾಗಿ ಯಾರಾದರೂ ಹೋಗಿ ಕೆಲಸ ಮಾಡಲೇಬೇಕು. ಕೇಪ್ ರಾಯ್ಡ್ಸ್‌ನಲ್ಲಿ ಶಾಕಲ್ಟನ್ 1908ರಲ್ಲಿ ಕಟ್ಟಿಸಿದ ಮನೆ, ಕೇಪ್ ಇವಾನ್ಸ್‌ನಲ್ಲಿ ಕ್ಯಾಪ್ಟನ್ ಸ್ಕಾಟ್ 1911ರಲ್ಲಿ ಕಟ್ಟಿಸಿದ ಮನೆ, ಇವೆರಡನ್ನೂ ನ್ಯೂಜಿಲೆಂಡ್‌ನ ಅಂಟಾರ್ಕ್ಟಿಕ್ ಹೆರಿಟೇಜ್ ಟ್ರಸ್ಟ್ ನೋಡಿಕೊಳ್ಳುತ್ತದೆ. ಸ್ಕಾಟ್‌ನ ಮನೆಯೊಂದರಲ್ಲೇ 11,000ಕ್ಕೂ ಹೆಚ್ಚು ವಸ್ತುಗಳನ್ನು ಕೈಯಲ್ಲಿ ಹಿಡಿದು ಉಪಚಾರ ಮಾಡಿದ್ದಾರೆ: ಕಾಲುಚೀಲ, ಔಷಧಿ ಸೀಸೆ, ಆಹಾರದ ಡಬ್ಬಿ, ಎಲ್ಲವನ್ನೂ. ಅಲ್ಲಿನ ಫೋಟೋ ತೊಳೆಯುವ ಕತ್ತಲೆ ಕೋಣೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದ 22 ನೆಗೆಟಿವ್‌ಗಳು ಸಿಕ್ಕವು. ಅವನ್ನು ಬಿಡಿಸಿ, ಶುಚಿಗೊಳಿಸಿ 2013ರಲ್ಲಿ ಜಗತ್ತಿಗೆ ತೋರಿಸಿದರು. ಬಿಟ್ಟಿದ್ದರೆ ಅವು ಅಂಟಿನ ಮುದ್ದೆಯಾಗಿಯೇ ಉಳಿಯುತ್ತಿದ್ದವು.

ಹುಡುಗರು ಮಾಡುವುದೇನು?

ಮರ, ಲೋಹ, ಕಾಗದದ ಕೆಲಸ ಕಲಿತ ತಜ್ಞರದ್ದೇ. ಸುತ್ತಿಗೆ ಹಿಡಿದು ಯಾರು ಬೇಕಾದರೂ ಹೋಗುವಂತಿಲ್ಲ. ಪಾರಂಪರಿಕ ತಾಣಗಳನ್ನು ಹಾಳು ಮಾಡುವುದು, ಅಲ್ಲಿಂದ ಏನನ್ನಾದರೂ ಒಯ್ಯುವುದು ಅಂಟಾರ್ಕ್ಟಿಕ್ ಒಪ್ಪಂದದಡಿ ನಿಷಿದ್ಧ. ಆದರೆ ಮನೆ ಉಳಿದು ಕಥೆ ಸತ್ತರೆ ಪ್ರಯೋಜನವಿಲ್ಲ. ಅದಕ್ಕೇ ನ್ಯೂಜಿಲೆಂಡ್‌ನ ಟ್ರಸ್ಟ್ ಯುವಜನರನ್ನು ಆರಿಸಿ ಹಳೆಯ ಅನ್ವೇಷಕರು ಹೋದ ಹಾದಿಯಲ್ಲೇ ಕಳಿಸುತ್ತಿದೆ. 2015ರಲ್ಲಿ ದಕ್ಷಿಣ ಜಾರ್ಜಿಯಾ ದ್ವೀಪದಲ್ಲಿ ಶಾಕಲ್ಟನ್ 1916ರಲ್ಲಿ ದಾಟಿದ ಬೆಟ್ಟಗಳನ್ನು ಒಂದು ತಂಡ ದಾಟಿತು. 2018ರಲ್ಲಿ ಇನ್ನೊಂದು ತಂಡ, ನಾರ್ವೆಯ ನಾನ್ಸೆನ್ 1888ರಲ್ಲಿ ಮಾಡಿದಂತೆ, ಗ್ರೀನ್‌ಲೆಂಡನ್ನು ಸ್ಕೀ ಮೇಲೆ ದಾಟಿತು. ಹಿಂದಿರುಗಿ ಬಂದವರು ಶಾಲೆಗಳಲ್ಲಿ, ವಿಡಿಯೋಗಳಲ್ಲಿ ಆ ಕಥೆ ಹೇಳುತ್ತಾರೆ.

ಭಾರತಕ್ಕೂ ಇಲ್ಲೊಂದು ಪುಟ್ಟ ಪಾಲಿದೆ. 1982ರ ಜನವರಿ 9ರಂದು ಅಂಟಾರ್ಕ್ಟಿಕಾದಲ್ಲಿ ಇಳಿದ ನಮ್ಮ ಮೊದಲ ತಂಡದವರ ಹೆಸರುಗಳಿರುವ ದಕ್ಷಿಣ ಗಂಗೋತ್ರಿಯ ಫಲಕವೂ ಆ ಒಪ್ಪಂದದ ಪಾರಂಪರಿಕ ತಾಣಗಳ ಪಟ್ಟಿಯಲ್ಲಿದೆ, ಕ್ರಮಸಂಖ್ಯೆ 44.

ಮನೆಯೊಳಗೆ ಇಣುಕಲು ಹಡಗು ಹತ್ತಬೇಕಿಲ್ಲ. ಶಾಕಲ್ಟನ್ ಮತ್ತು ಸ್ಕಾಟ್ ಮನೆಗಳ ಒಳಭಾಗ 2012ರಿಂದ ಗೂಗಲ್ ಸ್ಟ್ರೀಟ್ ವ್ಯೂನಲ್ಲಿದೆ. ಸ್ಕಾಟ್‌ನ ಮನೆಯಲ್ಲಿ ಉದ್ದನೆಯ ಊಟದ ಮೇಜಿದೆ, ಗೋಡೆಯುದ್ದಕ್ಕೂ ಮಲಗುವ ಹಲಗೆಗಳಿವೆ. ಬೆರಳಿನಿಂದ ತಿರುಗಿಸಿ ನೋಡಿ.