ಕೋಲಾರದ ಚಿನ್ನದ ಗಣಿಗಳು ಮತ್ತು ಆಡಳಿತದ ಹೊಣೆ

ಗಣಿಯಲ್ಲಿ ದುಡಿಯುವವನಿಗೆ ಅಪಾಯವು ಹಣೆಯಲ್ಲಿ ಬರೆದುದೆಂಬ ಮಾತು ಬಹುಕಾಲದಿಂದ ರೂಢಿಯಲ್ಲಿದೆ. ಅಪಘಾತವೊದಗಿದೊಡನೆ ಅದನ್ನು ವಿಧಿಯ ಮೇಲೆ, ಇಲ್ಲವೆ ಮಡಿದವನ ಅಜಾಗರೂಕತೆಯ ಮೇಲೆ ಹೊರಿಸುವುದು ಸುಲಭ. ಕೋಲಾರದ ಚಿನ್ನದ ಗಣಿಗಳ ಇತಿಹಾಸವನ್ನು ಪರಿಶೀಲಿಸಿದರೆ ಈ ಅಭಿಪ್ರಾಯವು ನಿಲ್ಲುವಂತಿಲ್ಲ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಇಲ್ಲಿ ಕಾಲಿರಿಸಿದ ಮೇಲೆ ಗಣಿಗಾರಿಕೆಯು ವ್ಯವಸ್ಥಿತ ರೂಪವನ್ನು ಪಡೆಯಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರ ವಿದ್ಯುಚ್ಛಕ್ತಿಯು ಹರಿದುಬಂದಿತು. ಚಿನ್ನದ ಎಳೆಯನ್ನು ಅನುಸರಿಸುತ್ತ ಹೋದ ಚಾಂಪಿಯನ್ ರೀಫ್ ಗಣಿಯು ಕಾಲಕ್ರಮದಲ್ಲಿ 3 ಕಿಲೊಮೀಟರಿಗೂ ಮೀರಿದ ಆಳವನ್ನು ಮುಟ್ಟಿತು. ಆಳವು ಹೆಚ್ಚಿದಂತೆ ಅಪಾಯವೂ ಹೆಚ್ಚಿತು. ಅವುಗಳಲ್ಲಿ ಎರಡು ವಿಶೇಷವಾಗಿ ಗಮನಾರ್ಹವಾದುವು.

ಮೊದಲನೆಯದು ಶಿಲಾಸ್ಫೋಟ. ಅದಿರನ್ನು ತೆಗೆದ ಎಡೆಯಲ್ಲಿ ಮೇಲಿನ ಬಂಡೆಯ ಭಾರವೆಲ್ಲ ಅಕ್ಕಪಕ್ಕದ ಬಂಡೆಗೆ ವರ್ಗವಾಗುತ್ತದೆ. ಎರಡು ಪೊಳ್ಳುಗಳ ನಡುವೆ ಉಳಿದ ಕಿರಿದಾದ ಭಾಗವು ಈ ಒತ್ತಡವನ್ನು ತಾಳಲಾರದೆ ಹಠಾತ್ತಾಗಿ ಸಿಡಿಯುತ್ತದೆ. ಆ ಗಳಿಗೆಯಲ್ಲಿ ಅಲ್ಲಿರುವ ಕಾರ್ಮಿಕನು ಎಷ್ಟೇ ಎಚ್ಚರದಿಂದಿದ್ದರೂ ಪ್ರಯೋಜನವಿಲ್ಲ. ಯಾವ ಭಾಗವನ್ನು ಮೊದಲು ತೆಗೆಯಬೇಕು, ಯಾವುದನ್ನು ಉಳಿಸಬೇಕು, ಬರಿದಾದ ಎಡೆಯನ್ನು ಕಲ್ಲಿನಿಂದಲೋ ಕಾಂಕ್ರೀಟಿನಿಂದಲೋ ಎಂದು ತುಂಬಬೇಕು ಎಂಬುದೆಲ್ಲ ಮೇಲೆ, ಕಛೇರಿಯ ನಕ್ಷೆಯ ಮುಂದೆ ನಿರ್ಧಾರವಾಗತಕ್ಕ ವಿಷಯಗಳು. ಅವನ ಪ್ರಾಣವು ಆ ನಿರ್ಧಾರವನ್ನು ಅವಲಂಬಿಸಿರುತ್ತದೆ.

ಎರಡನೆಯದು ಕಣ್ಣಿಗೆ ಕಾಣದೆ ಕೊಲ್ಲುವ ಕಲ್ಲಿನ ಧೂಳು. ಬಂಡೆಯನ್ನು ಕೊರೆಯುವಾಗ ಏಳುವ ಸೂಕ್ಷ್ಮಕಣಗಳು ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನುಂಟುಮಾಡುತ್ತವೆ. 1940ರಿಂದ 1946ರವರೆಗೆ ಇಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 43.7 ಮಂದಿಯಲ್ಲಿ ಈ ರೋಗವು ಕಂಡುಬಂದಿತು. ಇಷ್ಟು ಜನರು ಏಕಕಾಲದಲ್ಲಿ ಅಜಾಗರೂಕರಾಗಿದ್ದರೆಂದು ಯಾರು ತಾನೆ ಹೇಳಿಯಾರು? ನೀರು ಹಾಯಿಸುತ್ತ ಕೊರೆಯುವುದು, ಶುದ್ಧವಾಯುವನ್ನು ಆಳಕ್ಕೆ ಕಳುಹಿಸುವುದು, ಕಾಲಕಾಲಕ್ಕೆ ವೈದ್ಯಪರೀಕ್ಷೆ ನಡೆಸುವುದು, ಇವು ಒಬ್ಬ ಕೂಲಿಗಾರನಿಂದ ಸಾಧ್ಯವಾಗುವ ಕಾರ್ಯಗಳಲ್ಲ. ಇವಕ್ಕೆ ಹಣ ಬೇಕು, ಯಂತ್ರ ಬೇಕು, ಮುಂದಾಲೋಚನೆ ಬೇಕು.

ಆಡಳಿತಗಾರರಿಗೂ ಎಲ್ಲವೂ ಮೊದಲೇ ತಿಳಿದಿರಲಿಲ್ಲವೆಂಬುದನ್ನು ಒಪ್ಪಬೇಕು. ಅನೇಕ ವಿಷಯಗಳು ಅನುಭವದಿಂದಲೇ ಬೆಳಕಿಗೆ ಬಂದುವು. ಆದರೆ ತಿಳಿದ ಮೇಲೆಯೂ ಕಾರ್ಯದಲ್ಲಿ ತಡಮಾಡಿದರೆ ಅದನ್ನು ಅಜ್ಞಾನವೆನ್ನಲಾಗದು. ಪರಿಹಾರಧನವು ಹಾನಿಯಾದ ಬಳಿಕ ಕೊಡುವಂಥದು. ಯೋಜನೆಯು ಹಾನಿಯಾಗದಂತೆ ತಡೆಯುವಂಥದು.

1956ರಲ್ಲಿ ಈ ಗಣಿಗಳು ಮೈಸೂರು ಸರ್ಕಾರದ ವಶಕ್ಕೂ, 1962ರಲ್ಲಿ ಕೇಂದ್ರ ಸರ್ಕಾರದ ವಶಕ್ಕೂ ಬಂದುವು. ಒಡೆತನವು ಬದಲಾದರೂ ಬಂಡೆಯ ಭಾರವಾಗಲಿ ಧೂಳಿನ ಗುಣವಾಗಲಿ ಬದಲಾಗಲಿಲ್ಲ. 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರವಿಜ್ಞಾನ ಸಂಸ್ಥೆಯು ಇದೇ ಊರಿನಲ್ಲಿ ಸ್ಥಾಪಿತವಾದುದು ಅರ್ಥಪೂರ್ಣವಾಗಿದೆ. 2001ರಲ್ಲಿ ಗಣಿಗಳು ಮುಚ್ಚಿದುವು. ಅಲ್ಲಿಂದ ಎಷ್ಟು ಚಿನ್ನ ದೊರೆಯಿತೆಂಬ ಲೆಕ್ಕವನ್ನು ನಾವು ವಿದ್ಯಾರ್ಥಿಗಳಿಗೆ ಬೋಧಿಸುತ್ತೇವೆ. ಅದಕ್ಕೆ ತೆತ್ತ ಉಸಿರಿನ ಲೆಕ್ಕವನ್ನೂ ಅದರೊಡನೆ ಬೋಧಿಸುವುದು ಇತಿಹಾಸಕಾರನ ಕರ್ತವ್ಯವಾಗಿದೆ.